ನೀಲವ್ವನ ಎರಡು ಚೀಲ ಜೋಳ

ಹೊಳೆಯ ದಂಡೆಯ ಮೇಲೊಂದು ಮಠ. ಮಠದಲ್ಲಿ ಒಬ್ಬರು ಅಜ್ಜಾರು, ಅವರ ಹತ್ತಿರ ಕಲಿಯಲು ಬಂದ ಒಬ್ಬ ಶಿಷ್ಯ. ಇಷ್ಟು ತಿಳಿದರೆ ಸಾಕು, ಊರಿನ ಹೆಸರು ಬೇಡ. ಇಂಥದು ಎಲ್ಲಿ ಬೇಕಾದರೂ ನಡೆಯುತ್ತದೆ, ಈಗಲೂ ನಡೆಯುತ್ತಿದೆ.

ಅಜ್ಜಾರಿಗೆ ಗುರುಪಾದಜ್ಜ ಎನ್ನುತ್ತಿದ್ದರು. ಶಿಷ್ಯನ ಹೆಸರು ಮುರಿಗೆಪ್ಪ. ಚುರುಕು ತಲೆ, ಸವಿ ಮಾತು. ಊರವರು ಅವನನ್ನು ಸಣ್ಣಜ್ಜಾರು ಎಂದು ಕರೆಯುತ್ತಿದ್ದರು.

ಮಠದ ಅಂಗಳದಲ್ಲಿ ಒಂದು ಹಗೇವು ಇತ್ತು. ಹಗೇವು ಎಂದರೆ ನೆಲದೊಳಗಿನ ಕಣಜ. ಬಾವಿಯಂತೆ ತೋಡಿ, ಸುತ್ತ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಹಾಕಿ ಮಣ್ಣು ಮೆತ್ತುತ್ತಾರೆ. ಒಳಗೆ ಗಾಳಿ ಹೋಗದಿದ್ದರೆ ಜೋಳ ವರ್ಷಗಟ್ಟಲೆ ಕೆಡುವುದಿಲ್ಲ. ಒಮ್ಮೆ ಬಾಯಿ ತೆರೆದರೆ ಮುಗಿಯಿತು, ಎಲ್ಲವನ್ನೂ ತೆಗೆದುಬಿಡಬೇಕು.

ಅದಕ್ಕೇ ಅದನ್ನು ಸುಮ್ಮಸುಮ್ಮನೆ ತೆರೆಯುವಂತಿರಲಿಲ್ಲ. ಕೆಟ್ಟ ಕಾಲ ಬಂತು ಎಂದು ಜೋಳ ಇಟ್ಟವರೆಲ್ಲ ಕೂಡಿ ಹೇಳಿದ ದಿನ ಮಾತ್ರ ಚಪ್ಪಡಿ ಸರಿಯುತ್ತಿತ್ತು.

ಒಳಗಿದ್ದದ್ದು ಮಠದ ಜೋಳವಲ್ಲ. ಕೂಲಿ ಮಾಡುವವರ ಜೋಳ. ಮನೆಯಲ್ಲಿಟ್ಟರೆ ಇಲಿ ತಿನ್ನುತ್ತದೆ, ಇಲ್ಲವೆ ತಾವೇ ತಿಂದುಬಿಡುತ್ತೇವೆ ಎಂದು ಹಗೇವು ಮುಚ್ಚುವ ಮೊದಲು ತಂದು ಸುರಿಯುತ್ತಿದ್ದರು.

ನೀಲವ್ವನದೂ ಎರಡು ಚೀಲ ಅದರಲ್ಲಿತ್ತು. ಗಂಡ ಸತ್ತ ಹೆಂಗಸು. ಪೇಟೆಯ ನೂಲಿನ ಗಿರಣಿಯಲ್ಲಿ ದುಡಿಯುತ್ತಿದ್ದಳು. ಸುಗ್ಗಿ ಬಂದಾಗ ಕಂಡವರ ಹೊಲದಲ್ಲಿ ಜೋಳ ಕೊಯ್ದು ಕೂಲಿಗೆ ಕಾಳು ತರುತ್ತಿದ್ದಳು.

ಹಿಂದೊಮ್ಮೆ ಗಿರಣಿ ಮುಚ್ಚಿದಾಗ ಮನೆಯಲ್ಲಿ ಕಾಳಿಲ್ಲದೆ, ಹಿರಿಯ ಮಗಳು ಗೌರವ್ವನನ್ನು ಸಾಹುಕಾರರ ಮನೆಗೆ ಕಸ ಮುಸುರೆಗೆಂದು ಬಿಟ್ಟು ಬಂದಿದ್ದಳು. ನಾಲ್ಕು ತಿಂಗಳಿಗೆ ಎಂದು ಹೋದ ಹುಡುಗಿ ಇನ್ನೂ ಅಲ್ಲೇ ಇದ್ದಳು. ಕಿರಿಯವಳು ಸಾವಂತ್ರಿಗೆ ಆ ಗತಿ ಬರಬಾರದು ಎಂದೇ ಆ ಎರಡು ಚೀಲ.

ಶ್ರಾವಣ ಬಂತು. ಅಜ್ಜಾರು ತಿಂಗಳ ಪ್ರವಚನಕ್ಕೆ ಪರವೂರಿಗೆ ಹೊರಟರು. ಹಗೇವು ಕಾಯುವ ಕೆಲಸ ಮುರಿಗೆಪ್ಪನ ಪಾಲಿಗೆ ಬಂತು.

ಅಜ್ಜಾರು ಹೊಳೆ ದಾಟುವುದನ್ನೇ ಕಾಯುತ್ತಿದ್ದವನಂತೆ ದಲಾಲಿ ತೋಟಪ್ಪ ಬಂದ. ಪೇಟೆಯಲ್ಲಿ ಕಾಳು ಕೊಳ್ಳುವ, ಮಾರಿಸುವ ಕೆಲಸ ಅವನದು.

"ಸಣ್ಣಜ್ಜಾರ, ಜೋಳದ ಧಾರಣಿ ಕೇಳೀರೇನು?"

"ಏರೇತಿ ಅಂತ ಕೇಳೀನಿ."

"ಹಿಂಗ ಏರಿದ್ದು ನಾ ನೋಡೇ ಇಲ್ಲ. ಆದ್ರ ಇನ್ನ ಹದಿನೈದು ದಿನಕ್ಕ ಮೂಡಣ ಸೀಮಿಯಿಂದ ಲಾರಿಗಟ್ಟಲೆ ಜೋಳ ಬರ್ತೈತಿ. ಆಗ ಅರ್ಧಕ್ಕ ಬೀಳ್ತೈತಿ. ಈಗ ಮಾರ್ರಿ, ಆಗ ಕೊಳ್ರಿ. ಒಂದು ಚೀಲ ಹೋದಲ್ಲಿ ಎರಡು ಬರ್ತಾವು."

"ಇದು ಮಠದ್ದಲ್ಲ, ತೋಟಪ್ಪ. ಊರವರದ್ದು."

"ಅದಕ್ಕ ಹೇಳಾಕತ್ತೀನಿ. ಬಡವರದ್ದು. ಮಣ್ಣಾಗ ಮಲಗಿಸಿಟ್ರ ಮರಿ ಹಾಕ್ತೈತೇನ್ರಿ ಅದು? ಅಜ್ಜಾರು ಹಳೇ ಕಾಲದವರು, ಅವರಿಗೆ ಪೇಟಿ ತಿಳಿಯೂದಿಲ್ಲ. ನೀವು ತಿಳಿದವರು."

ಉಳಿದದ್ದಕ್ಕೆಲ್ಲ ಕರಗದ ಮುರಿಗೆಪ್ಪ ಈ ಕೊನೆಯ ಮಾತಿಗೆ ಕರಗಿದ.

ಮರುದಿನವೇ ಚಪ್ಪಡಿ ಸರಿಸಿದ.

ಬಹಳ ದಿನ ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಅವಸರ ಮಾಡಿ ಇಳಿದವರು ಅಲ್ಲೇ ಬಿದ್ದು ಸತ್ತದ್ದುಂಟು. ಮುರಿಗೆಪ್ಪನಿಗೆ ಅದು ಗೊತ್ತಿತ್ತು. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟ. ದೀಪ ಆರಿತು. ಮಧ್ಯಾಹ್ನದವರೆಗೆ ಕಾದು ಮತ್ತೆ ಬಿಟ್ಟ. ಉರಿಯಿತು. ಆದರೂ ನಂಬದೆ ಇನ್ನೊಮ್ಮೆ ಬಿಟ್ಟು ನೋಡಿ, ಆಮೇಲೆ ಇಳಿದ.

ತನ್ನ ಉಸಿರಿನ ವಿಷಯದಲ್ಲಿ ಎಷ್ಟು ಜೋಕೆ, ನೋಡಿ. ಆ ಕಾದ ಹೊತ್ತಿನಲ್ಲಿ ಜೋಳ ಇಟ್ಟವರ ಒಂದು ಮನೆಗಾದರೂ ಹೋಗಿ ಕೇಳಿ ಬರಬಹುದಿತ್ತು. ಅಂಗಳದ ಬೇವಿನ ನೆರಳಲ್ಲಿ ಕೂತು ದಲಾಲಿಯ ಜೊತೆ ಎಲೆ ಅಡಿಕೆ ಹಾಕಿಕೊಂಡ.

ಸಂಜೆ ಗಿರಣಿಯಿಂದ ಬರುವಾಗ ನೀಲವ್ವನಿಗೆ ದಾರಿಯಲ್ಲಿ ಜೋಳ ಹೇರಿದ ದಲಾಲಿಯ ಗಾಡಿಗಳು ಎದುರಾದವು. ಮಠಕ್ಕೆ ಬಂದು ನೋಡಿದರೆ ಹಗೇವು ಬಾಯಿ ತೆರೆದುಕೊಂಡಿತ್ತು.

"ಏನ್ರಿ ಸಣ್ಣಜ್ಜಾರ, ಇದು?"

"ಗಾಬರಿ ಆಗಬ್ಯಾಡ, ನೀಲವ್ವ. ತಿಂಗಳು ತುಂಬೂದ್ರಾಗ ನಿನ್ನ ಎರಡು ಚೀಲ ನಾಲ್ಕು ಆಗ್ತಾವು."

"ನಾ ನಾಲ್ಕು ಕೇಳಿದ್ನೇನ್ರಿ?"

"ಕೇಳಲಿಲ್ಲ ಖರೆ. ನಿನಗ ಇದೆಲ್ಲ ತಿಳಿಯೂದಿಲ್ಲ ಅಂತ ನಾನ ಮಾಡಿದೆ."

"ನಾಲ್ಕು ತಿಳಿಯೂದಿಲ್ಲ ನನಗ. ಎರಡು ಚೀಲ ಅಂದ್ರ ನನ್ನ ಮನಿಯಾಗ ಎಷ್ಟು ದಿನ ಒಲಿ ಉರೀತೈತಿ ಅನ್ನೂದು ತಿಳಿದಿತ್ತು."

ಮುರಿಗೆಪ್ಪ ನಕ್ಕು, ಒಳಗಿನಿಂದ ದುಡ್ಡಿನ ಗಂಟು ತಂದು ತೋರಿಸಿದ. ಗಂಟು ದೊಡ್ಡದಾಗಿಯೇ ಇತ್ತು. ನೀಲವ್ವ ಅದರ ಕಡೆ ನೋಡಲಿಲ್ಲ. ಬರಿದಾದ ಹಗೇವಿನೊಳಗೆ ಒಮ್ಮೆ ಬಗ್ಗಿ ನೋಡಿ ಮನೆಗೆ ಹೋದಳು.

ಹದಿನೈದು ದಿನ ಕಳೆಯಿತು. ಲಾರಿ ಬರಲಿಲ್ಲ.

ಎಲ್ಲೋ ದೂರದಲ್ಲಿ ಯುದ್ಧವಂತೆ, ಎಣ್ಣೆ ತುಟ್ಟಿಯಾಗಿದೆಯಂತೆ, ಲಾರಿಗಳು ನಿಂತಲ್ಲೇ ನಿಂತಿವೆಯಂತೆ. ಸಂತೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಸರಿಯಾಗಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಕಂಡದ್ದು ಒಂದೇ, ಜೋಳದ ಧಾರಣೆ ಇನ್ನೂ ಏರಿತು. ಅದರ ಬೆನ್ನಿಗೇ, ನೂಲು ಕೊಳ್ಳುವವರಿಲ್ಲ ಎಂದು ಗಿರಣಿಯ ಬಾಗಿಲಿಗೆ ಬೀಗ ಬಿತ್ತು.

ಜನ ಬರಿ ಚೀಲ ಹಿಡಿದು ಮಠಕ್ಕೆ ಬಂದರು.

"ಸ್ವಲ್ಪ ತಡೀರಿ," ಎಂದ ಮುರಿಗೆಪ್ಪ. "ಈಗ ಈ ದುಡ್ಡಿಗೆ ಅರ್ಧ ಜೋಳನೂ ಬರೂದಿಲ್ಲ. ಈಗ ಹಂಚಿದ್ರ ಹೋದದ್ದು ಹೋದಂಗ ಆಗ್ತೈತಿ. ಮತ್ತೊಂದು ದಾರಿ ಹುಡುಕೀನಿ."

ಆ ದಾರಿಯನ್ನೂ ದಲಾಲಿಯೇ ಹುಡುಕಿ ಕೊಟ್ಟಿದ್ದ. ಗಿರಣಿ ಮುಚ್ಚಿದ್ದರಿಂದ ಹತ್ತಿ ಸೋವಿಯಾಗಿದೆ, ಆ ಗಂಟಿನ ದುಡ್ಡಿಗೆ ಹತ್ತಿ ಕೊಳ್ಳಬೇಕು, ಗಿರಣಿ ತೆರೆದ ದಿನ ಮಾರಬೇಕು. ಒಂದು ಸಲ ಮುಳುಗಿಸಿದವನೇ ಮತ್ತೆ ಬಂದು ಕೈ ಚಾಚುತ್ತಾನೆ, ಇವನು ಮತ್ತೆ ಆ ಕೈ ಹಿಡಿಯಲು ಹೊರಡುತ್ತಾನೆ. ಏನು ಹೇಳಬೇಕು ಇಂಥವರಿಗೆ.

ನೀಲವ್ವ ಎರಡು ದಿನ ತಡೆದಳು. ಸಾಹುಕಾರರ ಹೆಂಡತಿ ಆಗಲೇ ಹೇಳಿಕಳಿಸಿದ್ದಳು, ಕಿರಿಯವಳನ್ನೂ ಕಳಿಸು, ಕಾಳು ಒಯ್ಯಿ ಎಂದು. ಯಾರ ಮನೆಯ ಒಲೆ ಆರಿದೆ ಎಂಬುದು ಇಂಥವರಿಗೆ ಬೇಗ ತಿಳಿಯುತ್ತದೆ. ಮೂರನೆಯ ದಿನ ಸಾವಂತ್ರಿಯನ್ನು ಕೈಹಿಡಿದು ಕರೆದುಕೊಂಡು ಹೋದವಳು, ಬರುವಾಗ ಸೆರಗಿನಲ್ಲಿ ಜೋಳ ಕಟ್ಟಿಕೊಂಡು ಒಬ್ಬಳೇ ಬಂದಳು.

ಅದರ ಮರುದಿನ ಅಜ್ಜಾರು ಬಂದರು. ಕಾಲು ತೊಳೆಯುವ ಮೊದಲೇ ಅವರ ಕಣ್ಣಿಗೆ ಬಿದ್ದದ್ದು ತೆರೆದ ಹಗೇವು.

"ಊರು ಹಸಿದು ಕುಂತೈತಿ," ಎಂದರು ಅಜ್ಜಾರು. "ಜೋಳ ಊರಿಗೆ ಹೋಗಿಲ್ಲ. ಮತ್ತೆಲ್ಲಿ ಹೋತು, ಮುರಿಗೆಪ್ಪ?"

ಮುರಿಗೆಪ್ಪ ಏನೂ ಮುಚ್ಚಿಡದೆ ಹೇಳಿದ. ಹತ್ತಿಯ ವಿಚಾರವನ್ನೂ ಹೇಳಿದ.

"ಕಾಲ ಕೆಟ್ಟದ್ದು, ಅಜ್ಜಾರ. ಧಾರಣಿ ಯಾರ ಕೈಯಾಗ ಐತಿ? ಇದೊಂದು ಸಲ ಬಿಡ್ರಿ. ಹೋದದ್ದನ್ನೆಲ್ಲ ತಂದು ಇಲ್ಲೇ ಸುರೀತೀನಿ."

"ಹೋದ ಜೋಳದಾಗ ನಿಂದೆಷ್ಟಿತ್ತು?"

"ನಂದಾ? ನಂದೇನೂ ಇರಲಿಲ್ಲ."

"ಇವತ್ತು ಏನು ಉಂಡಿ?"

"ಮಠದಾಗ ಮಾಡಿದ್ದು. ರೊಟ್ಟಿ, ಪುಂಡಿಪಲ್ಯ."

"ದಿನದಷ್ಟೇ ಉಂಡಿ?"

ಮುರಿಗೆಪ್ಪ ಹೌದೆಂದು ತಲೆ ಆಡಿಸಿದ.

"ನಡಿ," ಎಂದರು ಅಜ್ಜಾರು. "ನೀಲವ್ವನ ಮನೀಗೆ ಹೋಗೂಣು."

ನೀಲವ್ವ ಬೀಸುವ ಕಲ್ಲಿನ ಮುಂದೆ ಕೂತಿದ್ದಳು. ಅಜ್ಜಾರನ್ನು ಕಂಡು ಎದ್ದು ನಿಂತಳು, ಒಳಗೆ ಬನ್ನಿ ಎನ್ನಲಿಲ್ಲ.

"ನೀಲವ್ವ, ನಂದು ತಪ್ಪಾತು," ಎಂದ ಮುರಿಗೆಪ್ಪ.

"ಆತಲ್ಲ. ಆ ತಪ್ಪಾತು ಅನ್ನೂದನ್ನ ನಾದಿ ರೊಟ್ಟಿ ಬಡೀಲೇನ್ರಿ?"

"ನಿಮ್ಮ ಒಳ್ಳೇದಕ್ಕ ಮಾಡಾಕ ಹೋಗಿದ್ದೆ."

"ಒಳ್ಳೇದು ಮಾಡೂದಿದ್ರ ನಿಮ್ಮದರಾಗ ಮಾಡ್ರಿ. ಹೋಗೂಮುಂದ ಸಾವಂತ್ರಿ ಕೇಳಿದ್ಲು, ಅವ್ವಾ, ಅಕ್ಕನಂಗ ನಾನೂ ಅಲ್ಲೇ ದೊಡ್ಡಾಕಿ ಆಗ್ತೀನೇನು ಅಂತ. ಏನು ಹೇಳಬೇಕಿತ್ತು ನಾನು? ತಡಿ ತಂಗಿ, ನಾಲ್ಕು ಚೀಲ ಬರ್ತಾವು ಅನ್ಲಾ?"

ಆಮೇಲೆ ಅಜ್ಜಾರ ಕಡೆ ತಿರುಗಿದಳು.

"ನಿಮಗೂ ಹೇಳ್ತೀನಿ, ಅಜ್ಜಾರ. ನಾ ಜೋಳ ಸುರಿದಿದ್ದು ನಿಮ್ಮ ಮುಖ ನೋಡಿ. ಇವರ ಮುಖ ನೋಡಿ ಅಲ್ಲ."

"ಖರೆ, ತಂಗಿ," ಎಂದರು ಅಜ್ಜಾರು. "ಇದರಾಗ ನನ್ನ ತಪ್ಪೂ ಐತಿ."

ಅವಳು ಮತ್ತೆ ಬೀಸಲು ಕೂತಳು. ಕಲ್ಲಿನ ಸದ್ದು ಓಣಿಯ ತುದಿಯವರೆಗೂ ಇಬ್ಬರ ಬೆನ್ನಿಗೆ ಬಂತು.

ಹೊಳೆಯ ದಂಡೆಗೆ ಬಂದು ಅಜ್ಜಾರು ಒಂದು ಕಲ್ಲಿನ ಮೇಲೆ ಕೂತರು.

"ಹತ್ತಿ ಕೊಳ್ಳಬೇಕು ಅಂತೀ?"

"ಬ್ಯಾರೆ ದಾರಿ ಎಲ್ಲೈತ್ರಿ?"

"ಆತು, ಕೊಳ್ಳು. ಆದ್ರ ಊರವರ ದುಡ್ಡು ಊರವರಿಗೆ ಕೊಟ್ಟುಬಿಡು. ನಿಂದು ಹಾಕಿ ಕೊಳ್ಳು. ನಿಮ್ಮಪ್ಪ ನಿನ್ನ ಪಾಲಿಗೆ ಅಂತ ಒಂದು ಹೊಲ ಬಿಟ್ಟಾನಲ್ಲ. ಅಣ್ಣ ಉಳಾಕತ್ತಾನ ಅದನ್ನ."

ಮುರಿಗೆಪ್ಪ ಒಂದು ಹೆಜ್ಜೆ ಹಿಂದೆ ಸರಿದ.

"ಅದನ್ನ ಹೆಂಗ ಹಾಕ್ಲಿ, ಅಜ್ಜಾರ? ನಾಳೆ ನನಗ ಮಠ ಒಗ್ಗಲಿಲ್ಲ, ಕೈಕಾಲು ಬಿದ್ದು ಹೋದ್ವು ಅಂದ್ರ ಅದೊಂದ ಆಸರ. ಹತ್ತಿ ಇಳಿದು ಅದೂ ಹೋದ್ರ?"

ಅಜ್ಜಾರು ಅವನ ಕಡೆ ತಿರುಗಿದರು.

"ಹಗೇವಿನಾಗ ಇಳಿಯೂಮುಂದ ದೀಪ ಬಿಟ್ಟಿದ್ದಿಯಲ್ಲ. ಎಷ್ಟು ಸಲ ಬಿಟ್ಟಿ?"

"ಮೂರು ಸಲ."

"ಯಾಕ?"

"ಒಳಗ ಎಂಥಾ ಗಾಳಿ ಐತೋ ಏನೋ ಅಂತ."

"ನೀಲವ್ವನ ಜೋಳಾನ ಪ್ಯಾಟಿಯಾಗ ಇಳಿಸೂಮುಂದ ಏನು ಬಿಟ್ಟು ನೋಡಿದಿ?"

ಮುರಿಗೆಪ್ಪ ತಿರುಗಿ ಮಠದ ಕಡೆ ನಡೆದ. ಅಂದು ಅವನು ಊಟಕ್ಕೆ ಬರಲಿಲ್ಲ.

ಬೆಳಗ್ಗೆ ಎದ್ದು ತನ್ನೂರಿಗೆ ಹೋದ. ಅರ್ಧ ಹೊಲವನ್ನು ಅಣ್ಣನಿಗೇ ಮಾರಿದ. ಆ ದುಡ್ಡನ್ನೂ ಮಠದ ಗಂಟನ್ನೂ ಕೂಡಿಸಿ, ಅಂದಿನ ತುಟ್ಟಿ ಧಾರಣೆಯಲ್ಲೇ ಜೋಳ ಕೊಂಡು ತಂದ. ಇಟ್ಟವರಿಗೆ ಇಟ್ಟಷ್ಟು ಅಳೆದು ಕೊಟ್ಟ. ನೀಲವ್ವನ ಚೀಲಗಳನ್ನು ತಾನೇ ಬೆನ್ನ ಮೇಲೆ ಹೊತ್ತು ಒಯ್ದ.

ನೀಲವ್ವ ಚೀಲದ ಬಾಯಿ ಬಿಚ್ಚಿ ನಾಲ್ಕು ಕಾಳು ಕಚ್ಚಿ ನೋಡಿದಳು.

"ಒಳಗ ಇಳಸ್ರಿ," ಎಂದಳು. ಅಷ್ಟೇ.

ಸಾಹುಕಾರರ ಮನೆಯಿಂದ ತಂದಷ್ಟು ಜೋಳವನ್ನು ಆ ಚೀಲದಿಂದ ಅಳೆದು ಕಟ್ಟಿಕೊಂಡು ಹೋದಳು. ಹೊತ್ತು ಮುಳುಗುವ ಮೊದಲು ಸಾವಂತ್ರಿಯ ಕೈ ಹಿಡಿದು ಬಂದಳು. ಗೌರವ್ವ ಬಾಗಿಲ ತನಕ ಬಂದು ನಿಂತಿದ್ದಳಂತೆ. ಅವಳ ಹೆಸರಿನ ಮೇಲೆ ಸಾಹುಕಾರರು ಇನ್ನೂ ಏನೇನೋ ಬಾಕಿ ಹೇಳುತ್ತಿದ್ದರು.

ಎಂಟು ದಿನವಾಯಿತು. ಅಜ್ಜಾರು ಬರಿದಾದ ಹಗೇವಿನೊಳಗೆ ಇಳಿದು ಹಳೆ ಹುಲ್ಲು ತೆಗೆದು ಹೊಸ ಹುಲ್ಲು ಹೊದಿಸುತ್ತಿದ್ದರು. ಮುರಿಗೆಪ್ಪ ಪೇಟೆಯಿಂದ ಏದುಸಿರು ಬಿಡುತ್ತ ಬಂದ.

"ಅಜ್ಜಾರ, ತೋಟಪ್ಪ ಹೇಳಿದ್ದು ಸುಳ್ಳಲ್ಲ. ನಿನ್ನೆ ಲಾರಿ ಬಂದಾವು. ಸಾಲುಗಟ್ಟಿ ಬಂದಾವು. ಜೋಳ ನಾ ಮಾರಿದ ಧಾರಣಿಯ ಅರ್ಧಕ್ಕ ಬಿತ್ತು."

"ಹೂಂ."

"ಎಂಟ ದಿನ. ಎಂಟ ದಿನ ತಡದಿದ್ರ ಆ ಗಂಟಿನ ದುಡ್ಡಾಗೇ ಎಲ್ಲಾರ ಜೋಳ ಬರ್ತಿತ್ತು. ಇನ್ನೂ ಉಳೀತಿತ್ತು. ನನ್ನ ಅರ್ಧ ಹೊಲ ಸುಮ್ಮನ ಹೋತು."

ಅಜ್ಜಾರು ಹುಲ್ಲು ಹೊದಿಸುತ್ತಲೇ ಇದ್ದರು.

"ನೀವು ಪ್ಯಾಟಿ ತಿಳೀದ ಅವಸರ ಮಾಡಿದ್ರಿ," ಎಂದ ಮುರಿಗೆಪ್ಪ. ದನಿ ಏರಿತ್ತು. "ನನ್ನ ಮೊದಲಿನ ಲೆಕ್ಕ ಸರಿನೇ ಇತ್ತು."

"ಸರಿ ಇತ್ತು," ಎಂದರು ಅಜ್ಜಾರು.

ಮೇಲೆ ಹತ್ತಿ ಬಂದು ಕೈ ತೊಳೆದುಕೊಂಡರು. ಶಾಲು ಹೆಗಲಿಗೆ ಹಾಕಿಕೊಂಡರು.

"ನಡಿ, ಹೋಗೂಣು."

"ಎಲ್ಲಿಗ್ರಿ?"

"ನೀಲವ್ವನ ಮನೀಗೆ. ನಿನ್ನ ಹೊಲ ಉಳಿಯೂದಕ್ಕ ಸಾವಂತ್ರಿ ಇನ್ನ ಎಂಟು ದಿನ ಸಾಹುಕಾರರ ಮುಸುರಿ ತಿಕ್ಕಬೇಕಿತ್ತು ಅಂತ ಆಕೀಗೆ ನೀನ ಹೇಳು."