ಕೆತ್ತಿ ತೆಗೆದ ಗೀರು

"ಸರ್, ಒಂದೇ ಒಂದು ವರ್ಷದ ಅಂಕಿಗಳನ್ನು ಕೈಬಿಟ್ಟರೆ ಯಾರ ಗಂಟು ಹೋಗುತ್ತದೆ?" ಎಂದು ಇಂದುಧರ ಕೇಳಿದ.

ಅವನಿಗೆ ಆ ವರ್ಷದ ಮೇಲೆ ಸಿಟ್ಟಿತ್ತು. ಜಿಲ್ಲೆಯಲ್ಲಿ ಜೋಳದ ಧಾರಣೆ ಮುಂದೆ ಹೇಗಿದ್ದೀತು ಎಂದು ಹೇಳುವ ಸೂತ್ರವೊಂದನ್ನು ಕಟ್ಟಲು ಅವನು ಹರೆಯವನ್ನೆಲ್ಲ ಸವೆಸಿದ್ದ. ಅದನ್ನು ನಂಬಿ ಸರ್ಕಾರ ಉಗ್ರಾಣದಲ್ಲಿ ಎಷ್ಟು ಕಾಳು ಕೂಡಿಡಬೇಕೆಂದು ತೀರ್ಮಾನಿಸುವುದಿತ್ತು. ಅವನಿಗೆ ಪ್ರಾಧ್ಯಾಪಕನ ಹುದ್ದೆ ಸಿಗುವುದೂ ಅದರ ಮೇಲೇ ನಿಂತಿತ್ತು. ಉಳಿದ ವರ್ಷಗಳೆಲ್ಲ ಸೂತ್ರಕ್ಕೆ ಹೊಂದಿದ್ದವು. ಜೋಳ ಬಂಗಾರವಾಗಿ ಜನ ಉಪವಾಸ ಬಿದ್ದ ಆ ಒಂದು ವರ್ಷ ಮಾತ್ರ ಸೂತ್ರದ ಗೆರೆಯನ್ನು ಕೆಡಿಸಿ ಕೂತಿತ್ತು.

ಅವನಿಗೆ ಅರ್ಥಮಿತಿ, ಅಂದರೆ ಅಂಕಿಅಂಶಗಳಿಂದ ಅರ್ಥವ್ಯವಸ್ಥೆಯನ್ನು ಅಳೆಯುವ ಶಾಸ್ತ್ರ, ಕಲಿಸಿ ಈಗ ನಿವೃತ್ತರಾಗಿದ್ದ ಹುಚ್ಚೀರಪ್ಪನವರು ಕನ್ನಡಕ ತೆಗೆದಿಟ್ಟರು. ಅವರ ಮುಖ ಕೆಂಪಾಗಿತ್ತು. "ಕೂತು ಕೇಳು" ಎಂದು ಶುರುಮಾಡಿದರು.

ಒಂದೂರಿನಲ್ಲಿ ಒಂದು ಕೆರೆ. ಕೆರೆಯಲ್ಲಿ ಒಂದು ಅಳತೆಗಲ್ಲು. ಪ್ರತಿ ಮಳೆಗಾಲ ನೀರು ನಿಂತ ಮಟ್ಟಕ್ಕೆ ಆ ಕಲ್ಲಿನಲ್ಲಿ ಗೀರು ಹಾಕುವುದು ಊರಿನ ಪದ್ಧತಿ. ಹೊಸ ಏರಿ ಎಷ್ಟು ಎತ್ತರ ಬೇಕೆಂದು ಅರಸ ಒಬ್ಬ ಪಂಡಿತನನ್ನು ಕೇಳಿದ. ಪಂಡಿತ ಗೀರುಗಳನ್ನು ನೋಡಿ ಒಂದು ಲೆಕ್ಕ ಕಟ್ಟಿದ. ಸೊಗಸಾದ ಲೆಕ್ಕ, ಹಾಳಾಗಿ ಹೋಗಲಿ! ಒಂದು ಗೀರು ಮಾತ್ರ ಅದಕ್ಕೆ ಬಗ್ಗಲಿಲ್ಲ, ಉಳಿದವಕ್ಕಿಂತ ಬಹಳ ಮೇಲಿತ್ತು. ಪಂಡಿತನಿಗೆ ಮೈಯೆಲ್ಲ ಉರಿಯಿತು. ಕಲ್ಲುಕುಟಿಗನನ್ನು ಕರೆಸಿ, "ಇದನ್ನು ಕೆತ್ತಿ ತೆಗೆ" ಎಂದ.

"ಆ ವರ್ಷ ನೀರು ಅಲ್ಲೀತನಕ ಬಂದಿತ್ತಲ್ಲ, ಬುದ್ಧಿ?"

"ಬಂದಿತ್ತು. ಆದರೆ ಹಾಗೆ ಬರುವುದು ಕೆರೆಯ ಸ್ವಭಾವವಲ್ಲ."

ಕೆತ್ತಿದ್ದಾಯಿತು. ಅರಸ ಲೆಕ್ಕವನ್ನೂ ಕಲ್ಲನ್ನೂ ತಾಳೆ ನೋಡಿ ತಲೆದೂಗಿದ. ಪಂಡಿತನಿಗೆ ಶಾಲು ಹೊದಿಸಿದ. ಗಿಡ್ಡ ಏರಿ ಎದ್ದಿತು. ಅದನ್ನು ನಂಬಿ ಜನ ಅದರ ಕೆಳಗೆ ಮನೆ ಕಟ್ಟಿಕೊಂಡರು. ಮುಂದೊಂದು ಮಳೆಗಾಲ ನೀರು ಏರಿಯ ಮೇಲೆ ಹರಿದು ಕೆರೆ ಒಡೆಯಿತು. ಮನೆ, ದನ, ಹಸುಗೂಸು ಎನ್ನದೆ ಎಲ್ಲವೂ ಕೊಚ್ಚಿಹೋಯಿತು. ಪಂಡಿತನ ಮನೆ ದಿಬ್ಬದ ಮೇಲಿತ್ತು. ಮಾರನೆಯ ದಿನ ಅವನು ಇಳಿದು ಬಂದ. ಕಲ್ಲನ್ನು ತಡವಿ ನೋಡಿ, "ಈ ವರ್ಷದ ಗೀರು ಹಾಕಬೇಡಿ, ಲೆಕ್ಕ ಕೆಡುತ್ತದೆ" ಎಂದ.

ಇಂದುಧರ ತಡೆಯಲಾರದೆ ಎದ್ದು ನಿಂತ. "ಎಂಥ ಕಟುಕ! ಅರಸ ಅವನನ್ನು ಸುಮ್ಮನೆ ಬಿಟ್ಟನೆ, ಸರ್?"

"ಅವನಿಗೆ ಪ್ರಾಧ್ಯಾಪಕನ ಪೀಠ ಸಿಕ್ಕಿತು. ನಿನ್ನ ಏರಿಯ ಕೆಳಗೆ ಯಾರ ಮನೆಗಳಿವೆ, ಅದನ್ನು ಹೇಳು."