ಖರ್ಚಾಗದ ಗ್ಯಾಸು

"ಗುರುಗಳೇ, ನಿಮ್ಮ ಮುಂದೆ ಕುಳಿತಾಗ ನನ್ನ ಮನಸ್ಸು ತಣ್ಣಗಿರುತ್ತದೆ. ಮನೆಗೆ ಹೋದ ಮೇಲೆ ಆ ನೆಮ್ಮದಿ ಉಳಿಯುವುದಿಲ್ಲ. ಮೊದಮೊದಲು ಒಂದು ಹುಣ್ಣಿಮೆಗೆ ಬಂದುಹೋದರೆ ಮುಂದಿನ ಹುಣ್ಣಿಮೆಯವರೆಗೆ ಸಾಲುತ್ತಿತ್ತು. ಈಗ ಊರು ಸೇರುವಷ್ಟರಲ್ಲೇ ಖರ್ಚಾಗಿಹೋಗುತ್ತದೆ. ಇನ್ನು ಮೇಲೆ ವಾರಕ್ಕೊಮ್ಮೆ ಬರಲೇ?"

ಕೇಳಿದವನು ಚನ್ನವೀರ, ಮಠದ ಹಳೆಯ ಶಿಷ್ಯ. ಗುರುಗಳು ಬೀಸಣಿಗೆಯನ್ನು ಕೆಳಗಿಟ್ಟರು.

"ಖರ್ಚಾಗುತ್ತದೆ ಎಂದೆಯಾ? ಇದೇ ಮಾತನ್ನು ಹಿಂದೆ ಇನ್ನೊಬ್ಬನ ಬಾಯಲ್ಲಿ ಕೇಳಿದ್ದೇನೆ. ಅವನ ಕತೆ ಕೇಳು. ಆಮೇಲೆ ವಾರಕ್ಕೊಮ್ಮೆ ಬರುತ್ತೀಯೋ ದಿನಾ ಬರುತ್ತೀಯೋ ನೀನೇ ಹೇಳುವಿಯಂತೆ."

ಹೀಗೆಂದು ಗುರುಗಳು ಹೇಳತೊಡಗಿದರು.

ಬಿಸಿಲುನಾಡಿನ ಒಂದು ಪಟ್ಟಣದಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನಿಗೆ ಒಬ್ಬ ತಮ್ಮ. ತಂದೆ ತೀರಿಕೊಂಡ ಮೇಲೆ ಇಬ್ಬರಿಗೂ ಮನೆ ಪಾಲಾಯಿತು. ಅಂಗಳದ ನಡುವೆ ಗೋಡೆ ಎದ್ದಿತು. ತಾಯಿ ಅಣ್ಣನ ಪಾಲಿಗೆ ಬಂದಳು. ಪಾಲಿಗೆ ಬಂದಳು ಎನ್ನುವುದು ನನ್ನ ಮಾತಲ್ಲ, ಪಂಚರ ಎದುರು ಅವರೇ ಆಡಿದ ಮಾತು. ಹಂಡೆ ಕೊಡಗಳನ್ನು ಹಂಚಿಕೊಂಡ ಬಾಯಲ್ಲೇ ಅದನ್ನೂ ಆಡಿದರು. ಅವಳಿಗೆ ಲಕ್ವಾ ಹೊಡೆದು ಮಾತು ಹೋಗಿತ್ತು, ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಅಂದು ತಮ್ಮ ಏನೋ ಒಂದು ಕಟುವಾದ ಮಾತು ಆಡಿದ. ಅದು ಏನೆಂದು ಇಂದು ಇಬ್ಬರಿಗೂ ಸರಿಯಾಗಿ ನೆನಪಿಲ್ಲ. ಅಣ್ಣ ಎದ್ದು ನಿಂತು, "ಇನ್ನ ಮ್ಯಾಲ ನಿನ್ನ ಅಂಗಳದಾಗ ಕಾಲಿಟ್ಟರ ಅವ್ವನ ಆಣಿ!" ಎಂದ. ತಮ್ಮನೂ ಬಿಡಲಿಲ್ಲ. "ನೀನಾಗಿ ಬಂದು ಕರಿಯೋತನಕ ನಿನ್ನ ಹೊಸ್ತಿಲಾ ನಾ ತುಳಿಯಂಗಿಲ್ಲ" ಎಂದ.

ಆಣೆ ಎಂದರೆ ನಮ್ಮ ಕಡೆಯವರಿಗೆ ಏನೆಂದು ನಿನಗೆ ಹೇಳಬೇಕಾಗಿಲ್ಲ. ಅದನ್ನು ಮುರಿದರೆ, ಯಾರ ಹೆಸರಿನಲ್ಲಿ ಇಟ್ಟೆವೋ ಅವರ ಜೀವಕ್ಕೇ ಕುತ್ತು ಎಂದು ನಂಬುತ್ತಾರೆ. ಸಿಟ್ಟು ಇವನದು, ಜೀವ ಅವಳದು. ಎಂಥ ಧೈರ್ಯ ನೋಡು ಮನುಷ್ಯನಿಗೆ!

ತಾಯಿಯ ದೇಹ ಸೆಕೆ ತಡೆಯುವುದಿಲ್ಲ, ಕೋಣೆಯನ್ನು ತಂಪಾಗಿಡಬೇಕು ಎಂದು ಡಾಕ್ಟರು ಹೇಳಿದ್ದರು. ಮನೆ ಒಂದಾಗಿದ್ದಾಗಲೇ ಅವಳ ಕೋಣೆಗೆ ಎಸಿ ಹಾಕಿಸಿದ್ದರು. ಒಳಗಿನ ಪೆಟ್ಟಿಗೆ ಕೋಣೆಯಲ್ಲಿ, ಹೊರಗಿನ ಪೆಟ್ಟಿಗೆ ಮಾಳಿಗೆಯ ಮೇಲೆ. ಎರಡನ್ನೂ ಕೂಡಿಸುವ ತಾಮ್ರದ ಪೈಪು ಹೊರಗೋಡೆಯ ಮೇಲೆ ಹಾದುಹೋಗಿತ್ತು. ಉದ್ದ ಸಾಲದೆ ಆ ಪೈಪಿಗೆ ನಡುವೆ ಒಂದು ಜಾಯಿಂಟು ಹಾಕಿದ್ದರು. ಪಾಲಾದ ಮೇಲೆ ಕೋಣೆ ಅಣ್ಣನಿಗೆ ಉಳಿಯಿತು, ಆ ಗೋಡೆಯ ಹೊರಮೈ ತಮ್ಮನ ಅಂಗಳಕ್ಕೆ ಸೇರಿತು. ಕೋಣೆಗೆ ಇದ್ದದ್ದು ಅದೊಂದೇ ಹೊರಗೋಡೆ.

ಒಂದು ಬೇಸಿಗೆಯಲ್ಲಿ ಎಸಿ ತಂಪು ಕೊಡದಾಯಿತು. ವ್ಯಾಪಾರಿ ರಿಪೇರಿಯವನನ್ನು ಕರೆಸಿದ. ರಿಪೇರಿಯವನು ಮಾಳಿಗೆ ಹತ್ತಿ, ಗ್ಯಾಸು ಕಡಿಮೆಯಾಗಿದೆ ಎಂದ. "ಖರ್ಚಾಗಿರಬೇಕು, ತುಂಬು" ಎಂದ ವ್ಯಾಪಾರಿ. ಅಡಿಗೆಮನೆಯ ಸಿಲಿಂಡರು ಮುಗಿದಂತೆ ಇದೂ ಮುಗಿದಿದೆ ಎಂದು ಅವನ ಎಣಿಕೆ. ಹಾಗಲ್ಲ ಎಂದು ರಿಪೇರಿಯವನಿಗೆ ಗೊತ್ತಿತ್ತು. ಆದರೆ ಪೈಪನ್ನು ಪರೀಕ್ಷಿಸಲು ತಮ್ಮನ ಅಂಗಳಕ್ಕೆ ಹೋಗಬೇಕು. ಆ ಅಂಗಳದ ಹೆಸರು ಎತ್ತಿದರೆ ವ್ಯಾಪಾರಿಯ ಮುಖ ಗಂಟಾಗುತ್ತಿತ್ತು. ಅಣ್ಣತಮ್ಮಂದಿರ ಜಗಳದಲ್ಲಿ ನಾನೇಕೆ ತಲೆ ಹಾಕಲಿ ಎಂದುಕೊಂಡು ಅವನು ಗ್ಯಾಸು ತುಂಬಿ ಹೋದ.

ಮರುವರ್ಷವೂ ತುಂಬಿದ. ಅದರ ಮರುವರ್ಷ ಗ್ಯಾಸು ಅರ್ಧ ಬೇಸಿಗೆಗೆ ಬಂತು. ಆಮೇಲೆ ತಿಂಗಳಿಗೆ ಬಂತು. ತುಂಬಿದಾಗಲೆಲ್ಲ ಕೋಣೆ ತಣ್ಣಗಾಗುತ್ತಿತ್ತು, ಹಾಗಾಗಿ ರಿಪೇರಿ ಆಯಿತು ಎಂದೇ ವ್ಯಾಪಾರಿ ನಂಬುತ್ತಿದ್ದ.

ಗೋಡೆಯ ಹೊರಗೆ ತಮ್ಮ ಏನು ಮಾಡುತ್ತಿದ್ದ ಗೊತ್ತೇ? ಜಾಯಿಂಟಿನ ಕೆಳಗೆ ಎಣ್ಣೆಯ ಕಲೆ ಕಾಣಿಸಿಕೊಂಡಿತ್ತು. ಗ್ಯಾಸು ಸೋರುವಾಗ ಯಂತ್ರದ ಎಣ್ಣೆಯೂ ಜೊತೆಗೆ ಒಸರುತ್ತದೆ. ಅಣ್ಣನ ಯಂತ್ರದಲ್ಲಿ ಏನೋ ಕೆಟ್ಟಿದೆ ಎಂದು ತಮ್ಮನಿಗೆ ಅರ್ಥವಾಯಿತು. ಅದು ತಾಯಿಯ ಕೋಣೆ ಎಂದೂ ಗೊತ್ತಿತ್ತು. ಬಂದು ಕೇಳಲಿ, ಆಗ ತೋರಿಸಿದರಾಯಿತು ಎಂದುಕೊಂಡ. ಪ್ರತಿ ಯುಗಾದಿಗೆ ಗೋಡೆಗೆ ಸುಣ್ಣ ಬಳಿಸುವಾಗ ಆ ಕಲೆಯ ಮೇಲೂ ಬಳಿಸಿದ.

ಕೊನೆಗೆ ಒಂದು ಬೇಸಿಗೆ ಬಂತು. ಕಾಗೆಗಳು ಹಾರದೆ ಕೊಂಬೆಯ ಮೇಲೇ ಬಾಯಿ ತೆರೆದು ಕೂಡುವಂಥ ಬಿಸಿಲು. ಹಿಂದಿನ ದಿನ ತುಂಬಿದ ಗ್ಯಾಸು ಮರುದಿನ ಬೆಳಿಗ್ಗೆ ಇರಲಿಲ್ಲ. ವ್ಯಾಪಾರಿ ಕೋಣೆಯ ಬಾಗಿಲಿಗೆ ಒದ್ದೆ ಚಾದರ ಕಟ್ಟಿದ. ಕೂಲರು ತಂದಿಟ್ಟ. ಅದು ಬಿಸಿಗಾಳಿಯನ್ನೇ ಊದಿತು. ರಿಪೇರಿಯವನು ಬಂದ, ಆದರೆ ಈ ಸಲ ಮಾಳಿಗೆ ಹತ್ತಲಿಲ್ಲ.

"ಸಾವ್ಕಾರ್ರ, ಈ ಗ್ಯಾಸು ಖರ್ಚಾಗೋ ಸಾಮಾನಲ್ಲ. ತೂತು ಇಲ್ಲಂದ್ರ ಜನ್ಮಪೂರ್ತಿ ಇರತದ. ಆ ಕಡಿ ಗ್ವಾಡಿ ಮ್ಯಾಲ ಸೋರಾಕತ್ತದ. ಇಷ್ಟು ವರ್ಷ ನಾನೂ ಬಾಯಿ ಮುಚ್ಚಿಕೊಂಡು ತುಂಬಿದೆ, ಅದು ನನ್ನ ತಪ್ಪು. ಇವತ್ತು ತುಂಬಿದ್ರ ಸಂಜಿತನಕ ಸೈತ ನಿಲ್ಲಂಗಿಲ್ಲ. ಹೊಸಾದು ತಂದ್ರೂ ಪೈಪು ಅದೇ ಗ್ವಾಡಿ ಮ್ಯಾಲೇ ಹೋಗಬೇಕು. ನಿಮ್ಮ ತಮ್ಮಗ ಒಂದು ಮಾತು ಹೇಳ್ರಿ."

"ಆ ಅಂಗಳದಾಗ ಕಾಲಿಡಂಗಿಲ್ಲಪ್ಪ" ಎಂದ ವ್ಯಾಪಾರಿ. "ಅವ್ವನ ಆಣಿ ಮಾಡೀನಿ. ಕಾಲಿಟ್ಟರ ಅಕಿ ಉಳಿಯಂಗಿಲ್ಲ."

ಚನ್ನವೀರ, ಇವನನ್ನು ಕಲ್ಲೆದೆಯವನು ಎಂದುಕೊಳ್ಳಬೇಡ. ಅವನು ತಾಯಿಯನ್ನು ಕೈಯಾರೆ ತೊಳೆದು, ತುತ್ತು ಮಾಡಿ ಉಣಿಸುತ್ತಿದ್ದವನು. ಆಣೆ ಮುರಿದರೆ ಅವಳು ಹೋಗುತ್ತಾಳೆ ಎಂದು ನಿಜವಾಗಿ ಹೆದರಿದ್ದ.

ರಿಪೇರಿಯವನು ತಾನೇ ಹೋಗಿ ತಮ್ಮನ ಬಾಗಿಲು ಬಡಿದ. "ಅಣ್ಣ ಬಂದು ಕೇಳಲಿ. ಆಮ್ಯಾಲ ಬೇಕಾದ್ರ ಗ್ವಾಡೀನ ಒಡೀರಿ" ಎಂದ ತಮ್ಮ. ಒಳಗೆ ತಾಯಿಯ ಸ್ಥಿತಿ ಏನೆಂದು ಅವನು ಕೇಳಲಿಲ್ಲ. ರಿಪೇರಿಯವನೂ ಹೇಳಲಿಲ್ಲ. ಅವನು ಬಂದು ತಮ್ಮನ ಮಾತನ್ನಷ್ಟೇ ಒಪ್ಪಿಸಿ ಕಟ್ಟೆಯ ಮೇಲೆ ಕುಳಿತ.

ವ್ಯಾಪಾರಿ ತಾಯಿಯ ಬಳಿ ಕುಳಿತು ಬೀಸಿದ. ಒದ್ದೆ ಬಟ್ಟೆಯಿಂದ ಮೈ ಒರೆಸಿದ. ಬಟ್ಟೆ ಅವಳ ಮೈಮೇಲೆಯೇ ಒಣಗಿತು. ನಡುಹಗಲು ದಾಟಿತು. ಅವಳು ಕಣ್ಣು ಮುಚ್ಚಿದಳು. ಕರೆದರೂ ತೆರೆಯಲಿಲ್ಲ. ಮೈ ಮುಟ್ಟಿದರೆ ಕಾದ ಹೆಂಚು.

ಆಗ ಅವನು ಎದ್ದ. ಚಪ್ಪಲಿ ಮೆಟ್ಟಲಿಲ್ಲ. ಕಾದ ಬೀದಿಯಲ್ಲಿ ಸುತ್ತಿ ಹೋಗಿ ತಮ್ಮನ ಬಾಗಿಲು ತಳ್ಳಿದ. ಅಂಗಳಕ್ಕೆ ಕಾಲಿಡುವ ಮುಂಚೆ ಒಂದು ಗಳಿಗೆ ನಿಂತ, ಆಮೇಲೆ ಕಾಲಿಟ್ಟ. ತಮ್ಮ ಹೊರಗೆ ಬಂದು ಅಣ್ಣನ ಮುಖ ನೋಡಿದ. ಅಣ್ಣನ ಬಾಯಿಂದ ಬಂದದ್ದು "ಅವ್ವ" ಎಂಬ ಒಂದೇ ಮಾತು. ತಮ್ಮ ಮತ್ತೇನೂ ಕೇಳಲಿಲ್ಲ, ಏಣಿ ತರಲು ಓಡಿದ.

ರಿಪೇರಿಯವನು ಏಣಿ ಹತ್ತಿದ. ತಮ್ಮ ಕೆಳಗೆ ನಿಂತು ಹಿಡಿದುಕೊಂಡ. ಪೈಪಿಗೆ ಒಂದಿಷ್ಟು ಗ್ಯಾಸು ಬಿಟ್ಟು ಜಾಯಿಂಟಿಗೆ ಸೋಪಿನ ನೊರೆ ಹಚ್ಚಿದಾಗ ಗುಳ್ಳೆ ಎದ್ದಿತು. ಪೈಪಿನ ಬಾಯನ್ನು ಹೊಸದಾಗಿ ಮಾಡಿ, ನಟ್ಟು ಬದಲಿಸಿ, ಬಿಗಿದ. ಮತ್ತೆ ನೊರೆ ಹಚ್ಚಿದ, ಗುಳ್ಳೆ ಏಳಲಿಲ್ಲ. ಆಮೇಲೆ ಮಾಳಿಗೆ ಹತ್ತಿ ಗ್ಯಾಸು ತುಂಬಿದ. ಇಷ್ಟು ವರ್ಷ ಕಾದಿದ್ದ ಕೆಲಸ ಅಷ್ಟೇ ಇತ್ತು.

ಕೋಣೆ ತಣ್ಣಗಾಯಿತು. ತಾಯಿ ಅದಕ್ಕೆ ಮುಂಚೆಯೇ ಹೋಗಿದ್ದಳು. ದೂರದ ಬಳಗ ಬಂದು ಮುಟ್ಟುವವರೆಗೆ ಹೆಣವನ್ನು ಅದೇ ಕೋಣೆಯಲ್ಲಿ ಇಡಬೇಕಾಯಿತು. ಮಕ್ಕಳಿಬ್ಬರೂ ಅದರ ಎರಡು ಬದಿಗೆ ಕುಳಿತರು. ಚಳಿಗೆ ತಮ್ಮ ನಡುಗುತ್ತಿದ್ದ. ಅಣ್ಣ ತನ್ನ ಹೆಗಲ ಮೇಲಿನ ಶಲ್ಯ ತೆಗೆದು ಅವನಿಗೆ ಹೊದಿಸಿದ. ಇಬ್ಬರೂ ಗಟ್ಟಿಯಾಗಿ ಅತ್ತರು.

ಅಣ್ಣ ಆ ಅಂಗಳಕ್ಕೆ ಕಾಲಿಟ್ಟದ್ದಕ್ಕೇ ತಾಯಿ ಸತ್ತಳು ಎಂದು ಆ ಊರಿನಲ್ಲಿ ಇಂದಿಗೂ ಹೇಳುವವರಿದ್ದಾರೆ. ಹೇಳಲಿ. ಅವನೂ ಕೆಲವು ದಿನ ಹಾಗೆಯೇ ನಂಬಿ, ನನ್ನ ಮುಂದೆ ಬಂದು ಕುಳಿತು ಪ್ರಾಯಶ್ಚಿತ್ತ ಕೇಳಿದ. ನೀನು ಕಾಲಿಟ್ಟದ್ದು ತಪ್ಪಲ್ಲ ಎಂದು ಅವನಿಗೆ ತಿಳಿಹೇಳಲು ನನಗೆ ಬಹಳ ದಿನ ಹಿಡಿಯಿತು. ಆ ಯಂತ್ರ ಈಗಲೂ ಅಲ್ಲಿದೆ. ಅದಕ್ಕೆ ಮತ್ತೆ ಗ್ಯಾಸು ತುಂಬಿಸಿಲ್ಲ.

ಗುರುಗಳು ಮಾತು ನಿಲ್ಲಿಸಿದರು. ಚನ್ನವೀರ ಕಣ್ಣೊರೆಸಿಕೊಂಡ. ಅವನಿಗೆ ವ್ಯಾಪಾರಿಯ ಮೇಲೆ ಮರುಕವೂ ಆಯಿತು, ಸಿಟ್ಟೂ ಬಂತು.

"ಒಂದು ಬಾಗಿಲು ಬಡಿಯುವುದಕ್ಕೆ ಅಷ್ಟು ವರ್ಷ ಬೇಕಾಯಿತೇ, ಗುರುಗಳೇ? ಕೂಗಳತೆಯಲ್ಲೇ ತಮ್ಮನಿದ್ದ. ಎಂಥ ಮನುಷ್ಯ ಅವನು!"

ಗುರುಗಳು ಅವನ ಮುಖವನ್ನೇ ನೋಡಿದರು.

"ಅವನದು ಹಾಗಿರಲಿ, ನಿನ್ನ ಗೋಡೆಯ ಆಚೆ ಯಾರಿದ್ದಾರೆ?"

ಚನ್ನವೀರ ವಾರಕ್ಕೊಮ್ಮೆ ಬರುವ ಮಾತನ್ನು ಮತ್ತೆ ಎತ್ತದೆ, ಗುರುಗಳಿಗೆ ಕೈಮುಗಿದು ಎದ್ದು ಊರಿನ ದಾರಿ ಹಿಡಿದ.