ಕಾಗೆಗೆ ಕೊಟ್ಟ ಹೀರೇಕಾಯಿ ಪಲ್ಯ

ವಡೆಯೋ ಬೋಂಡವೋ ಸಿಕ್ಕೀತೆಂದು ತಾಯಿಕಾಗೆಯೊಂದು ಊಟದ ಹೊತ್ತಿಗೆ ಸರಿಯಾಗಿ ವನಜಾಕ್ಷಿಯ ಮನೆಯ ಕಾಂಪೌಂಡಿನ ಮೇಲೆ ಬಂದು ಕೂರುತ್ತಿತ್ತು. ಅಂದು ವನಜಾಕ್ಷಿ ಸೊಂಟದ ಮೇಲಿದ್ದ ಮಗಳನ್ನು ಗದರಿದಳು: "ಹೀರೇಕಾಯಿ ಪಲ್ಯ ತಿನ್ನು, ಇಲ್ಲದಿದ್ದರೆ ಕಾಗೆಗೆ ಕೊಟ್ಟುಬಿಡ್ತೀನಿ!"

"ಕೊಡು," ಎಂದಿತು ಮಗು, ಬಲು ಉದಾರವಾಗಿ.

ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ ವನಜಾಕ್ಷಿ. ಪಲ್ಯವನ್ನು ಗೋಡೆಯ ಮೇಲಿಟ್ಟಳು. ಕಾಗೆ ಅದನ್ನು ಗೂಡಿಗೆ ಒಯ್ದರೆ ಹಸಿದ ಮರಿಯೂ ಮುಖ ತಿರುಗಿಸಿತು.

"ತಿನ್ನು, ಇಲ್ಲದಿದ್ದರೆ ಆ ಮನೆಯ ಮಗುವಿಗೆ ಕೊಟ್ಟುಬಿಡ್ತೀನಿ!" ಎಂದು ಕಾಗೆಯೂ ಗದರಿತು.

"ಕೊಡು," ಎಂದಿತು ಮರಿ.

ಕಾಗೆ ಪಲ್ಯವನ್ನು ಮತ್ತೆ ಗೋಡೆಗೇ ತಂದಿಟ್ಟಿತು. "ಅಕ್ಕಾ, ನನ್ನದೂ ಮುಟ್ಟಲಿಲ್ಲ. ನೀವೇ ತಿಂದುಬಿಡಿ."

"ಅಯ್ಯೋ, ನನಗೆಲ್ಲಿ ಸೇರುತ್ತೆ ಹೀರೇಕಾಯಿ! ನೀನೇ ತಿನ್ನಮ್ಮ."

"ನಾನಾ? ವಡೆ ಇದ್ದರೆ ಕೊಡಿ."

ವನಜಾಕ್ಷಿ ಒಳಗಿನಿಂದ ವಡೆ ತಂದು ಕಾಗೆಗೊಂದು ಕೊಟ್ಟು ತಾನೊಂದು ಕಚ್ಚಿದಳು. ಮಕ್ಕಳಿಗೆ ಈ ಹಾಳು ಚಾಳಿ ಅದೆಲ್ಲಿಂದ ಅಂಟಿಕೊಂಡಿತೋ ಎಂದು, ವಡೆ ಮುಗಿಯುವವರೆಗೂ ತಾಯಂದಿರಿಬ್ಬರೂ ತಲೆ ಕೆಡಿಸಿಕೊಂಡರು.